ಮೋಟಾರು ದುರಸ್ತಿಯ ವಿದ್ಯೆಯೂ ಕಲಿಯುವವರ ಆರೋಗ್ಯವೂ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ವಾರದಲ್ಲಿ ಮಹಾನಗರಗಳ ಕನ್ನಡ ಮನೆಗಳಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಒಂದೇ ಬಗೆಯದು. ಹೆಚ್ಚು ಅಂಕ ಗಳಿಸಿದವರ ದಾರಿ ಮೊದಲೇ ನಿಶ್ಚಯವಾಗಿರುತ್ತದೆ: ವಿಜ್ಞಾನ, ಆ ಬಳಿಕ ಇಂಜಿನಿಯರಿಂಗ್ ಅಥವಾ ವೈದ್ಯಕೀಯ. ನಡುವಣ ಅಂಕಗಳವರು ವಾಣಿಜ್ಯದತ್ತ ತಿರುಗುತ್ತಾರೆ. ಆದರೆ ಪುಸ್ತಕ ಹಿಡಿದರೆ ತೂಕಡಿಸುವ, ಸ್ಪ್ಯಾನರು ಹಿಡಿದರೆ ಊಟವನ್ನೇ ಮರೆಯುವ ಹುಡುಗನ ಸರದಿ ಬಂದಾಗ ಮಾತು ತಡವರಿಸುತ್ತದೆ. “ಇವನಿಗೆ ಗಾಡಿಗಳದೇ ಹುಚ್ಚು, ಗ್ಯಾರೇಜಿನ ಕೆಲಸ ಕಲಿಯುತ್ತೇನೆ ಅಂತಾನೆ” ಎಂದು ತಾಯಿ ಹೇಳುವಾಗ ಆ ದನಿಯಲ್ಲಿ ಸಂಕೋಚವೂ ಇರುತ್ತದೆ, ಭಯವೂ ಇರುತ್ತದೆ.

ಈ ಎರಡು ಭಾವಗಳನ್ನೂ ಬೇರೆ ಬೇರೆಯಾಗಿ ಪರಿಶೀಲಿಸುವುದು ಒಳ್ಳೆಯದು. ಸಂಕೋಚಕ್ಕೆ ಯಾವ ಆಧಾರವೂ ಇಲ್ಲ. ಕಾಯಕದಲ್ಲಿ ಮೇಲು ಕೀಳು ಇಲ್ಲವೆಂದು ಸಾರಿದ ಶರಣರ ನಾಡಿನಿಂದ ಬಂದವರು ನಾವು. ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ಮುಂಬಯಿಯ ಕನ್ನಡಿಗರಲ್ಲಿ ಎಷ್ಟೋ ಮಂದಿ. ಕೈಗೆ ಮಸಿ ಹತ್ತುವ ಕೆಲಸವೆಂಬ ಕಾರಣಕ್ಕೆ ನಾಚಿಕೊಳ್ಳುವುದು ಅಂಥವರ ಮನೆತನಕ್ಕೆ ತಕ್ಕುದಲ್ಲ. ಆದರೆ ಭಯಕ್ಕೆ ಆಧಾರವುಂಟು. ವಾಹನಗಳ ದುರಸ್ತಿ, ಅದರಲ್ಲೂ ಅವುಗಳ ಹೊರಮೈಯನ್ನು ತಟ್ಟಿ, ಬೆಸೆದು, ಬಣ್ಣ ಬಳಿಯುವ ಕೆಲಸ, ಅರಿಯದೆ ಮಾಡಿದರೆ ಶ್ವಾಸಕೋಶ, ಕಣ್ಣು, ಕಿವಿ, ಚರ್ಮ ಇವೆಲ್ಲಕ್ಕೂ ಕೇಡು ತರಬಲ್ಲುದು. ಅರಿತು ಮಾಡಿದರೆ ಆ ಕೇಡಿನ ಬಹುಪಾಲನ್ನು ತಪ್ಪಿಸಬಹುದು. ಈ ಅರಿವು ದೊರೆಯಬೇಕಾದ ಸ್ಥಳ ತರಬೇತಿಯ ಶಾಲೆ. ಮಗ ಅಥವಾ ಮಗಳು ಈ ವಿದ್ಯೆ ಕಲಿಯಬೇಕೇ ಎಂಬ ಪ್ರಶ್ನೆಗಿಂತ ಎಲ್ಲಿ, ಹೇಗೆ ಕಲಿಯಬೇಕು ಎಂಬ ಪ್ರಶ್ನೆ ಹೆಚ್ಚು ಮುಖ್ಯವಾದುದು ಎಂಬುದೇ ಈ ಲೇಖನದ ಅಭಿಪ್ರಾಯ.

ಉಸ್ತಾದನ ನೆರಳಿನಿಂದ ಶಾಲೆಯ ಕಮ್ಮಟಕ್ಕೆ

ಮುಂಬಯಿಯ ಕುರ್ಲಾ, ಚೆನ್ನೈಯ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟ್, ಪುಣೆಯ ನಾನಾ ಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ – ಮೋಟಾರು ಗಾಡಿಗಳ ಬಿಡಿಭಾಗಗಳಿಗೆ ಹೆಸರಾದ ಈ ಬೀದಿಗಳನ್ನು ಅರಿಯದವರು ವಿರಳ. ಇಂಥ ಬೀದಿಗಳ ಸುತ್ತಮುತ್ತ ಬೆಳೆದ ಗ್ಯಾರೇಜುಗಳಲ್ಲಿ ವಿದ್ಯೆ ಹರಿದುಬಂದದ್ದು ಗುರುಶಿಷ್ಯ ಪರಂಪರೆಯಿಂದ. ಉತ್ತರದಲ್ಲಿ ‘ಉಸ್ತಾದ’, ನಮ್ಮ ಕಡೆ ‘ಮೇಸ್ತ್ರಿ’. ಅವನ ಕೈಕೆಳಗೆ ಒಬ್ಬ ಹುಡುಗ ಮೊದಲ ವರ್ಷ ಚಹಾ ತಂದು, ಎರಡನೆಯ ವರ್ಷ ಸ್ಪ್ಯಾನರು ಎತ್ತಿಕೊಟ್ಟು, ಮೂರನೆಯ ವರ್ಷ ನಟ್ಟು ಬಿಚ್ಚುತ್ತಾ ಕಲಿಯುತ್ತಿದ್ದ. ಹೊರಮೈಯ ಕೆಲಸಕ್ಕೆ ದಕ್ಷಿಣದಲ್ಲಿ ‘ಟಿಂಕರಿಂಗ್’ ಎಂದೂ ಮುಂಬಯಿ ದೆಹಲಿಗಳಲ್ಲಿ ‘ಡೆಂಟಿಂಗ್ ಪೇಂಟಿಂಗ್’ ಎಂದೂ ಹೆಸರು. ಸುತ್ತಿಗೆಯನ್ನು ಹೊರಗಿನಿಂದ, ‘ಡಾಲಿ’ ಎಂಬ ಉಕ್ಕಿನ ಗಟ್ಟಿಯನ್ನು ಒಳಗಿನಿಂದ ಹಿಡಿದು ತಗ್ಗಾದ ತಗಡನ್ನು ಮತ್ತೆ ಸಮಗೊಳಿಸುವ ಆ ಕೈಚಳಕ ನಿಜವಾಗಿಯೂ ಒಂದು ಕಲೆ.

ಆ ಕಲೆಗೆ ಗೌರವ ಸಲ್ಲಲೇಬೇಕು. ಆದರೆ ಆ ಪದ್ಧತಿಯಲ್ಲಿ ಎರಡು ಕೊರತೆಗಳಿದ್ದುವು. ಮೊದಲನೆಯದಾಗಿ, ‘ಹೀಗೆ ಮಾಡು’ ಎಂದು ಹೇಳುವವರಿದ್ದರು, ‘ಏಕೆ ಹೀಗೆ’ ಎಂದು ವಿವರಿಸುವವರು ಕಡಿಮೆ. ಎರಡನೆಯದಾಗಿ, ಕಲಿಯುವವನು ಬಹುತೇಕ ಬಾಲಕನೇ ಆಗಿರುತ್ತಿದ್ದ. 1986ರ ಬಾಲಕಾರ್ಮಿಕ ಕಾಯಿದೆಯ ಅನುಸೂಚಿಯಲ್ಲಿ ಮಕ್ಕಳಿಗೆ ನಿಷಿದ್ಧವಾದ ಕೆಲಸಗಳ ಸಾಲಿಗೆ ಮುಂದೆ ಮೋಟಾರು ದುರಸ್ತಿಯೂ, ಅದಕ್ಕೆ ಸೇರಿದ ವೆಲ್ಡಿಂಗ್, ಲೇತ್ ಕೆಲಸ, ಡೆಂಟ್ ತೆಗೆಯುವುದು, ಬಣ್ಣ ಬಳಿಯುವುದು ಇವೆಲ್ಲವೂ ಸೇರಿದುವು. 2016ರ ತಿದ್ದುಪಡಿಯು ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿತು. ಕಾನೂನು ಈ ಕೆಲಸವನ್ನು ಅಪಾಯದ ಕೆಲಸವೆಂದು ಎಣಿಸಿದ್ದಕ್ಕೆ ಕಾರಣಗಳಿವೆ. ಅವನ್ನು ಮುಂದೆ ನೋಡೋಣ.

ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಭಾರತ ಸರ್ಕಾರ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. ನಾವು ಐ.ಟಿ.ಐ. ಎಂದು ಕರೆಯುವ ಕೈಗಾರಿಕಾ ತರಬೇತಿ ಸಂಸ್ಥೆಗಳು ಈ ಯೋಜನೆಯವು. ಇಂದು ಸರ್ಕಾರಿ ಮತ್ತು ಖಾಸಗಿ ಎರಡೂ ಸೇರಿ ದೇಶದಲ್ಲಿ ಇವುಗಳ ಸಂಖ್ಯೆ ಹದಿನಾಲ್ಕು ಸಾವಿರವನ್ನು ಮೀರಿದೆ. 1961ರಲ್ಲಿ ಬಂದ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಯ ಒಳಗೇ ಕಲಿಯುವ ಉಮೇದುವಾರನಿಗೆ ಗೊತ್ತಾದ ಅವಧಿ, ಗೊತ್ತಾದ ಪಠ್ಯ, ತಿಂಗಳ ವೇತನ ಇವುಗಳನ್ನು ಕಾನೂನಿನ ಚೌಕಟ್ಟಿಗೆ ತಂದಿತು. ಬೋಧಕರನ್ನು ತಯಾರುಮಾಡುವುದಕ್ಕಾಗಿ ಚೆನ್ನೈಯ ಗಿಂಡಿ, ಮುಂಬಯಿ, ಹೈದರಾಬಾದು, ಕಾನ್ಪುರ, ಲೂಧಿಯಾನ, ಹೌರಾ ಮುಂತಾದೆಡೆ ಕೇಂದ್ರ ಸರ್ಕಾರದ ಉಚ್ಚ ತರಬೇತಿ ಸಂಸ್ಥೆಗಳು ಸ್ಥಾಪಿತವಾದುವು. ಅವು ಈಗ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳೆಂಬ ಹೆಸರಿನಿಂದ ನಡೆಯುತ್ತಿವೆ.

ಯಾವ ಯಾವ ದಾರಿಗಳುಂಟು?

ಮೋಟಾರು ದುರಸ್ತಿಯನ್ನು ಕ್ರಮವಾಗಿ ಕಲಿಯಲು ನಮ್ಮ ಮಕ್ಕಳ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಮೊದಲನೆಯದು ಐ.ಟಿ.ಐ. ಇಲ್ಲಿ ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ಎಂಬ ಎರಡು ವರ್ಷದ ತರಬೇತಿಯು ಇಂಜಿನು, ಗೇರು, ಬ್ರೇಕು, ವಿದ್ಯುತ್ ವ್ಯವಸ್ಥೆ ಮೊದಲಾದವನ್ನು ಕಲಿಸುತ್ತದೆ. ಹೊರಮೈ ದುರಸ್ತಿಗೆ ‘ಮೆಕ್ಯಾನಿಕ್ ಆಟೋ ಬಾಡಿ ರಿಪೇರ್’, ಬಣ್ಣದ ಕೆಲಸಕ್ಕೆ ‘ಮೆಕ್ಯಾನಿಕ್ ಆಟೋ ಬಾಡಿ ಪೇಂಟಿಂಗ್’ ಎಂಬ ಒಂದೊಂದು ವರ್ಷದ ಪ್ರತ್ಯೇಕ ತರಬೇತಿಗಳಿವೆ. ಇವು ಎಲ್ಲ ಸಂಸ್ಥೆಗಳಲ್ಲಿಯೂ ಇರುವುದಿಲ್ಲ, ಹುಡುಕಬೇಕು. ಈಚೆಗೆ ವಿದ್ಯುತ್ ವಾಹನಗಳಿಗೆಂದೇ ಬೇರೊಂದು ಎರಡು ವರ್ಷದ ತರಬೇತಿಯೂ ಬಂದಿದೆ. 2022ರಲ್ಲಿ ಪರಿಷ್ಕೃತವಾದ ಪಠ್ಯಕ್ರಮದಲ್ಲಿ ವರ್ಷಕ್ಕೆ 1200 ಗಂಟೆಗಳ ಕಲಿಕೆಯಿದ್ದು, ಅದರಲ್ಲಿ 840 ಗಂಟೆಗಳು ಕೈಯಿಂದ ಮಾಡಿ ಕಲಿಯುವುದಕ್ಕೇ ಮೀಸಲು. ಪುಸ್ತಕಕ್ಕೆ ಬೇಸರಿಸುವ ಹುಡುಗನಿಗೆ ಈ ಲೆಕ್ಕವೇ ಅರ್ಧ ಸಮಾಧಾನ ಕೊಟ್ಟೀತು.

ಎರಡನೆಯದು ಪಾಲಿಟೆಕ್ನಿಕ್ಕುಗಳಲ್ಲಿ ದೊರೆಯುವ ಮೂರು ವರ್ಷದ ಆಟೊಮೊಬೈಲ್ ಡಿಪ್ಲೊಮಾ. ಐ.ಟಿ.ಐ.ಯ ಎರಡು ವರ್ಷದ ತರಬೇತಿ ಮುಗಿಸಿದವರು ನಿಯಮಾನುಸಾರ ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೂ ಸೇರಲು ಅವಕಾಶವುಂಟು. ಚೆನ್ನೈಯ ಕ್ರೋಂಪೇಟೆಯಲ್ಲಿ 1949ರಲ್ಲಿ ಆರಂಭವಾದ ಮದರಾಸು ತಂತ್ರವಿದ್ಯಾ ಸಂಸ್ಥೆಯು ಮೋಟಾರು ವಿಜ್ಞಾನವನ್ನು ಉನ್ನತ ಶಿಕ್ಷಣದ ವಿಷಯವನ್ನಾಗಿ ಬಹಳ ಹಿಂದೆಯೇ ಕೈಗೆತ್ತಿಕೊಂಡಿತ್ತು. ಆದುದರಿಂದ ಸ್ಪ್ಯಾನರಿನಿಂದ ಆರಂಭವಾದ ಓದು ಅಲ್ಲಿಯೇ ನಿಲ್ಲಬೇಕೆಂದೇನೂ ಇಲ್ಲ.

ಮೂರನೆಯದು ಅಪ್ರೆಂಟಿಸ್ ಆಗಿ ನೇರವಾಗಿ ಕಾರ್ಖಾನೆಯನ್ನೋ ರಾಜ್ಯ ಸಾರಿಗೆಯ ಕಾರ್ಯಾಗಾರವನ್ನೋ ಸೇರುವುದು. ನಾಲ್ಕನೆಯದು ವಾಹನ ಕಂಪನಿಗಳೇ ನಡೆಸುವ ಶಾಲೆಗಳು. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಇದಕ್ಕೆ ಒಳ್ಳೆಯ ಉದಾಹರಣೆ. ಕರ್ನಾಟಕದ ಹಳ್ಳಿಗಾಡಿನ ಬಡ ಕುಟುಂಬಗಳಿಂದ ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಆರಿಸಿ, ಮೂರು ವರ್ಷ ಅಲ್ಲಿಯೇ ಇರಿಸಿಕೊಂಡು ಜೋಡಣೆ, ಬೆಸುಗೆ, ಬಣ್ಣ ಮುಂತಾದ ವಿಭಾಗಗಳಲ್ಲಿ ತರಬೇತಿ ಕೊಡುವ ಸಂಸ್ಥೆ ಅದು. ಊರಿನಲ್ಲಿರುವ ನಮ್ಮ ಬಂಧುಗಳ ಮಕ್ಕಳಿಗೆ ಈ ವಿಷಯವನ್ನು ತಿಳಿಸುವುದು ನಮ್ಮ ಕರ್ತವ್ಯ.

ಹೊರನಾಡ ಕನ್ನಡಿಗರು ಒಂದು ಮಾತನ್ನು ನೆನಪಿಡಬೇಕು. ರಾಜ್ಯ ಸರ್ಕಾರದ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಆಯಾ ರಾಜ್ಯದ ನಿವಾಸಿಗಳಿಗೆ ಆದ್ಯತೆ ಇರುತ್ತದೆ. ವಾಸ್ತವ್ಯದ ಪ್ರಮಾಣಪತ್ರ, ಶಾಲೆಯ ದಾಖಲೆ ಇವುಗಳನ್ನು ಫಲಿತಾಂಶಕ್ಕೆ ಮೊದಲೇ ಸಿದ್ಧಪಡಿಸಿಕೊಳ್ಳದವರು ಕೊನೆಯ ಗಳಿಗೆಯಲ್ಲಿ ಪರದಾಡುತ್ತಾರೆ. ಆದರೆ ತರಬೇತಿಯ ಅಂತ್ಯದಲ್ಲಿ ಅಖಿಲ ಭಾರತ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ದೊರೆಯುವ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆಯುಂಟು. ಪುಣೆಯಲ್ಲಿ ಕಲಿತವನು ಹುಬ್ಬಳ್ಳಿಯಲ್ಲಿಯೂ, ಹೈದರಾಬಾದಿನಲ್ಲಿ ಕಲಿತವನು ಕಲಬುರಗಿಯಲ್ಲಿಯೂ ಅದನ್ನು ತೋರಿಸಿ ಕೆಲಸ ಕೇಳಬಹುದು.

ಬದಲಾದ ವಾಹನ, ಬದಲಾಗಬೇಕಾದ ಕೈ

ವಾಲ್ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸಿನ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ಬೀದಿಗಳಿಂದ ಕೊನೆಯದಾಗಿ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ಆ ಗಾಡಿಯ ಇಂಜಿನಿನ ಸದ್ದನ್ನು ಕೇಳಿಯೇ ರೋಗ ಹೇಳುವ ಮೇಸ್ತ್ರಿಗಳಿದ್ದರು. ಈಗಿನ ಕಾರಿನಲ್ಲಿ ಇಂಜಿನು, ಬ್ರೇಕು, ಗಾಳಿಚೀಲ ಎಲ್ಲವನ್ನೂ ಸಣ್ಣ ಸಣ್ಣ ಗಣಕಗಳು ನಡೆಸುತ್ತವೆ. ಕಿವಿಯ ಜೊತೆಗೆ ಉಪಕರಣದ ಭಾಷೆಯೂ ತಿಳಿದಿರಬೇಕು.

ಹೊರಮೈಯ ವಿಷಯವಂತೂ ಇನ್ನೂ ಸೂಕ್ಷ್ಮ. ಇಂದಿನ ಹೆಚ್ಚಿನ ಕಾರುಗಳಲ್ಲಿ ಲಾರಿಗಿರುವಂತೆ ಬೇರೆಯಾದ ಚಾಸಿ ಇಲ್ಲ. ಬೆಸೆದ ತಗಡುಗಳ ಕವಚವೇ ಅಸ್ಥಿಪಂಜರ. ಅಪಘಾತದಲ್ಲಿ ಮುಂಭಾಗವು ಮುದುಡಿಕೊಂಡು ಹೊಡೆತದ ಬಲವನ್ನು ತಾನೇ ನುಂಗಬೇಕು, ಒಳಗೆ ಕುಳಿತವರ ಸುತ್ತಲಿನ ಭಾಗ ಮುದುಡದೆ ನಿಲ್ಲಬೇಕು ಎಂಬ ಲೆಕ್ಕಾಚಾರದ ಮೇಲೆ ಅದನ್ನು ಕಟ್ಟಿರುತ್ತಾರೆ. ಇದಕ್ಕಾಗಿ ಬಳಸುವ ಅಧಿಕ ಬಲದ ಉಕ್ಕನ್ನು ಹಳೆಯ ರೂಢಿಯಂತೆ ಗ್ಯಾಸಿನ ಉರಿಯಲ್ಲಿ ಕಾಯಿಸಿ ಬಗ್ಗಿಸಿದರೆ ಅದರ ಬಲ ಕುಂದುತ್ತದೆ. ಬಣ್ಣ ಬಳಿದ ಮೇಲೆ ಗಾಡಿ ಹೊಸದರಂತೆ ಹೊಳೆಯುತ್ತದೆ. ಆದರೆ ಮುಂದಿನ ಅಪಘಾತದಲ್ಲಿ ಆ ಕಂಬ ತಾಳದೆ ಹೋಗಬಹುದು. ಶಾಲೆಯಲ್ಲಿ ಕಲಿತವನು ಕವಚದ ಅಳತೆಯ ಬಿಂದುಗಳನ್ನು ತಯಾರಕರ ಕೋಷ್ಟಕದೊಡನೆ ಹೋಲಿಸಿ ನೋಡುತ್ತಾನೆ, ಯಾವ ಭಾಗವನ್ನು ನೇರಗೊಳಿಸಬಹುದು, ಯಾವುದನ್ನು ಬದಲಿಸಲೇಬೇಕು ಎಂದು ತೀರ್ಮಾನಿಸುತ್ತಾನೆ. ಒಳ್ಳೆಯ ತರಬೇತಿ ಕಾಪಾಡುವುದು ಕಲಿತವನನ್ನಷ್ಟೇ ಅಲ್ಲ, ಆ ಗಾಡಿಯಲ್ಲಿ ಕುಳಿತು ಹೋಗುವ ಸಂಸಾರವನ್ನೂ ಕೂಡ.

ಕಣ್ಣಿಗೆ ಕಾಣದ ಮಂಜು

ಈಗ ಆರೋಗ್ಯದ ಮಾತು. ಕಾರುಗಳಿಗೆ ಕನ್ನಡಿಯಂಥ ಹೊಳಪು ಕೊಡುವ ಬಣ್ಣಗಳಲ್ಲಿ ಎರಡು ಭಾಗಗಳಿರುತ್ತವೆ: ಒಂದು ಬಣ್ಣ ಅಥವಾ ವಾರ್ನಿಷು, ಇನ್ನೊಂದು ಅದನ್ನು ಗಟ್ಟಿಗೊಳಿಸುವ ಹಾರ್ಡನರು. ಈ ಹಾರ್ಡನರಿನಲ್ಲಿ ಐಸೋಸಯನೇಟ್ ಎಂಬ ವರ್ಗದ ರಾಸಾಯನಿಕಗಳಿವೆ. ಸ್ಪ್ರೇ ಗನ್ನಿನಿಂದ ಸಿಂಪಡಿಸಿದಾಗ ಏಳುವ ಮಂಜಿನಲ್ಲಿ ಇವು ಶ್ವಾಸಕೋಶವನ್ನು ಹೊಕ್ಕು ಉಬ್ಬಸವನ್ನು ಉಂಟುಮಾಡಬಲ್ಲುವು. ಇಂಥ ಬಣ್ಣವನ್ನು ವಾಹನಗಳಿಗೆ ಸಿಂಪಡಿಸುವವರಲ್ಲಿ ಉಬ್ಬಸದ ಸಂಭವವು ಇತರ ದುಡಿಯುವ ಜನರಿಗಿಂತ ಸುಮಾರು 80 ಪಟ್ಟು ಹೆಚ್ಚೆಂದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತೆಯ ಸರ್ಕಾರಿ ಇಲಾಖೆ ಎಚ್ಚರಿಸಿದೆ.

ಈ ರೋಗದ ಲಕ್ಷಣಗಳು ಮೋಸಗೊಳಿಸುವಂಥವು. ಎಷ್ಟೋ ಸಲ ಕೆಮ್ಮು, ಎದೆಬಿಗಿತ, ಉಸಿರಿನ ಸಿಳ್ಳು ಕೆಲಸದ ವೇಳೆಯಲ್ಲಿ ಕಾಣಿಸದೆ ಸಂಜೆ ಅಥವಾ ರಾತ್ರಿ ಮನೆಯಲ್ಲಿ ಕಾಣಿಸುತ್ತವೆ. ರಜೆಯ ದಿನಗಳಲ್ಲಿ ಹಗುರವಾಗುತ್ತವೆ, ಊರಿಗೆ ಹೋದರೆ ಮಾಯವಾಗುತ್ತವೆ. ‘ಮುಂಬಯಿಯ ಹವೆ ಹಿಡಿಸಲಿಲ್ಲ, ಊರಿನ ನೀರು ಒಗ್ಗಿತು’ ಎಂದು ಮನೆಯವರು ಅರ್ಥ ಮಾಡಿಕೊಳ್ಳುತ್ತಾರೆ. ನಿಜವಾದ ಕಾರಣ ಬಣ್ಣದ ಕೋಣೆಯಲ್ಲಿರಬಹುದು. ದೇಹವು ಒಮ್ಮೆ ಈ ವಸ್ತುವಿಗೆ ಸೂಕ್ಷ್ಮವಾಯಿತೆಂದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಬ್ಬಸವನ್ನು ಕೆರಳಿಸುತ್ತದೆ. ಆಗ ಆ ಕಸುಬನ್ನೇ ಬಿಡಬೇಕಾಗುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಕಲಿತ ವಿದ್ಯೆಯನ್ನು ಬಿಟ್ಟು ಕೂರುವುದು ಎಂಥ ಸಂಕಟವೆಂಬುದನ್ನು ಹೇಳಬೇಕಾಗಿಲ್ಲ.

ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಬಟ್ಟೆಯಾಗಲಿ, ಸಾಧಾರಣ ಧೂಳಿನ ಮುಖವಾಡವಾಗಲಿ ಈ ಆವಿಯನ್ನು ತಡೆಯಲಾರದು. ವಾಸನೆ ಬರಲಿಲ್ಲವೆಂಬುದೂ ಧೈರ್ಯಕ್ಕೆ ಕಾರಣವಲ್ಲ, ಏಕೆಂದರೆ ವಾಸನೆ ತಿಳಿಯುವ ಮೊದಲೇ ಅಪಾಯದ ಪ್ರಮಾಣ ಗಾಳಿಯಲ್ಲಿರಬಹುದು. ಸರಿಯಾದ ಕ್ರಮವೆಂದರೆ ಗಾಳಿಯನ್ನು ಹೊರಗೆಳೆಯುವ ಮುಚ್ಚಿದ ಬಣ್ಣದ ಕೋಣೆ, ಮತ್ತು ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಒದಗಿಸುವ ಮುಖಕವಚ. ಸಿಂಪಡಣೆ ಮುಗಿದ ಮೇಲೂ ಸಾಮಾನ್ಯ ಬೆಳಕಿನಲ್ಲಿ ಕಾಣದ ಮಂಜು ಕೋಣೆಯಲ್ಲಿ ಉಳಿದಿರುತ್ತದೆ. ಅದು ಸಂಪೂರ್ಣ ಹೊರಹೋಗಲು ಹಿಡಿಯುವ ಸಮಯವನ್ನು ತಿಳಿದು, ಅಲ್ಲಿಯವರೆಗೆ ಕವಚವನ್ನು ಎತ್ತಬಾರದು. ಮಾಡಿದ ಕೆಲಸ ಹೇಗೆ ಬಂದಿದೆಯೆಂದು ನೋಡುವ ಆತುರದಲ್ಲಿ ಕವಚವನ್ನು ಹಣೆಗೇರಿಸುವ ಅರ್ಧ ನಿಮಿಷವೇ ಕೇಡಿನ ಗಳಿಗೆ. ಇದನ್ನು ಅಭ್ಯಾಸವಾಗುವ ತನಕ ತಿದ್ದಿ ಕಲಿಸುವವನೇ ನಿಜವಾದ ಬೋಧಕ.

ಬೆಸುಗೆ, ಧೂಳು, ಸದ್ದು

ವೆಲ್ಡಿಂಗಿನ ಬೆಳಕನ್ನು ಬರಿಗಣ್ಣಿನಿಂದ ನೋಡಿದವನಿಗೆ ಆ ಕ್ಷಣದಲ್ಲಿ ಏನೂ ತೋರದಿರಬಹುದು. ಕೆಲವು ಗಂಟೆಗಳ ಬಳಿಕ ಕಣ್ಣಿನಲ್ಲಿ ಮರಳು ತುಂಬಿದಂತಾಗಿ ನೀರು ಸುರಿಯುತ್ತದೆ. ಅದು ಅತಿನೇರಳೆ ಕಿರಣಗಳಿಂದ ಕಣ್ಣಿನ ಪಾರದರ್ಶಕ ಪಟಲಕ್ಕಾದ ಸುಟ್ಟಗಾಯ. ಬೆಸೆಯುವವನಷ್ಟೇ ಅಲ್ಲ, ಪಕ್ಕದಲ್ಲಿ ತಗಡು ಹಿಡಿದು ನಿಂತ ಹುಡುಗನೂ ಕಪ್ಪು ಗಾಜನ್ನು ಧರಿಸಬೇಕು. ಸತುವಿನ ಲೇಪವಿರುವ ತಗಡನ್ನು ಬೆಸೆದಾಗ ಏಳುವ ಹೊಗೆಯಿಂದ ಅದೇ ಸಂಜೆ ಮಲೇರಿಯಾದಂತೆ ಚಳಿಜ್ವರ ಬಂದು, ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುವುದುಂಟು. ವೈದ್ಯರ ಬಳಿಗೆ ಹೋದಾಗ ಕಸುಬನ್ನು ಹೇಳದಿದ್ದರೆ ಅವರಾದರೂ ಹೇಗೆ ಊಹಿಸಿಯಾರು? ವೆಲ್ಡಿಂಗ್ ಹೊಗೆಯು ಮಾನವರಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2017ರಲ್ಲಿ ನಿರ್ಣಯಿಸಿತು. ಹೊಗೆಯನ್ನು ಹುಟ್ಟಿದಲ್ಲಿಯೇ ಹೀರಿ ಹೊರಹಾಕುವ ಕೊಳವೆ ಆದುದರಿಂದ ಅತ್ಯಗತ್ಯ.

ತಗ್ಗನ್ನು ಪುಟ್ಟಿಯಿಂದ ತುಂಬಿ ಉಜ್ಜುವಾಗ ಏಳುವ ಧೂಳು ಇನ್ನೊಂದು. ಹಳೆಯ ಗಾಡಿಗಳ ಬಣ್ಣದಲ್ಲಿ ಸೀಸವೂ ಇರಬಹುದು. ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸಕ್ಕೆ 2016ರ ನಿಯಮವು ದಶಲಕ್ಷಕ್ಕೆ 90 ಭಾಗಗಳ ಮಿತಿಯನ್ನು ವಿಧಿಸಿತು. ಆದರೆ ಆ ನಿಯಮದ ವ್ಯಾಪ್ತಿ ವಾಹನಗಳ ಬಣ್ಣದವರೆಗೆ ಚಾಚಿರಲಿಲ್ಲ. ಒಣಗಿಸಿ ಉಜ್ಜುವುದಾದರೆ ಧೂಳನ್ನು ಹೀರುವ ಯಂತ್ರ ಬೇಕು, ಅದಿಲ್ಲದಿದ್ದರೆ ನೀರು ಹಾಕಿ ಉಜ್ಜಬೇಕು. ಧೂಳಿನ ಬಟ್ಟೆಯನ್ನು ಮನೆಗೆ ತಂದು ಎಳೆಯ ಮಕ್ಕಳ ಬಟ್ಟೆಯೊಡನೆ ಒಗೆಯಕೂಡದು. ಬ್ರೇಕಿನ ಡ್ರಮ್ಮಿನಲ್ಲಿ ಕೂತ ಪುಡಿಯನ್ನು ಕಂಪ್ರೆಸರಿನ ಗಾಳಿಯಿಂದ ಊದುವುದು ಬೀದಿಯ ಗ್ಯಾರೇಜಿನ ರೂಢಿ. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತಾದ್ದರಿಂದ ಈ ರೂಢಿಯನ್ನು ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ.

ಸದ್ದು ನಿಧಾನವಾಗಿ ಕೊಲ್ಲುವ ವೈರಿ. ದಿನಕ್ಕೆ ಎಂಟು ಗಂಟೆಗಳ ಕಾಲ 85 ಡೆಸಿಬಲ್ಲಿಗಿಂತ ಹೆಚ್ಚಿನ ಸದ್ದಿನಲ್ಲಿರುವುದು ಕಿವಿಗೆ ಹಾನಿಕರವೆಂದು ತಜ್ಞರು ಹೇಳುತ್ತಾರೆ. ತಗಡಿನ ಮೇಲೆ ಗ್ರೈಂಡರು ಓಡುವಾಗ ಈ ಮಿತಿ ಸುಲಭವಾಗಿ ಮೀರುತ್ತದೆ. ಹೀಗೆ ಕಳೆದುಹೋದ ಶ್ರವಣಶಕ್ತಿ ಮತ್ತೆ ಬರುವುದಿಲ್ಲ. ಮೊದಲ ದಿನದಿಂದಲೇ ಕಿವಿಗೆ ಬಿರಟೆ ಹಾಕಿಕೊಳ್ಳುವುದನ್ನು ಕಲಿತವನು ಐವತ್ತರಲ್ಲಿಯೂ ಮೊಮ್ಮಗುವಿನ ತೊದಲು ಮಾತನ್ನು ಕೇಳಿಯಾನು.

ಇನ್ನು ಕೈಗಳು. ಗ್ರೀಸು ಹೋಗಲೆಂದು ಪೆಟ್ರೋಲಿನಲ್ಲಿಯೋ ಥಿನ್ನರಿನಲ್ಲಿಯೋ ಕೈತೊಳೆಯುವುದನ್ನು ಎಲ್ಲೆಡೆಯೂ ನೋಡುತ್ತೇವೆ. ಇದರಿಂದ ಚರ್ಮದ ಸಹಜ ಜಿಡ್ಡು ಕರಗಿ ಬಿರುಕು, ತುರಿ, ಇಸುಬು ಹುಟ್ಟುತ್ತವೆ. ಪೆಟ್ರೋಲಿನಲ್ಲಿರುವ ಬೆಂಜೀನು ರಕ್ತದ ಕ್ಯಾನ್ಸರಿಗೆ ಕಾರಣವೆಂದು ಸಿದ್ಧಪಟ್ಟ ವಸ್ತು. ಕೈಗವಸು, ಕೆಲಸಕ್ಕೆ ಮೊದಲು ಹಚ್ಚುವ ರಕ್ಷಕ ಲೇಪ, ಕೆಲಸದ ಬಳಿಕ ಸಾಬೂನು – ಇವಿಷ್ಟೂ ದುಬಾರಿಯವಲ್ಲ.

ಬೆಲ್ಲವೂ ಹಾಲೂ

ಧೂಳಿನಲ್ಲಿ, ಬಣ್ಣದಲ್ಲಿ ದುಡಿಯುವವರು ಸಂಜೆ ಒಂದು ತುಂಡು ಬೆಲ್ಲ ತಿಂದರೆ, ಇಲ್ಲವೆ ಒಂದು ಲೋಟ ಹಾಲು ಕುಡಿದರೆ ಎದೆ ಶುದ್ಧವಾಗುತ್ತದೆಂಬ ನಂಬಿಕೆ ನಮ್ಮ ದೇಶದಾದ್ಯಂತ ಹರಡಿದೆ. ಮೇಸ್ತ್ರಿಗಳು ಅಕ್ಕರೆಯಿಂದಲೇ ಹುಡುಗರಿಗೆ ಇದನ್ನು ಕೊಡಿಸುತ್ತಾರೆ. ಬೆಲ್ಲದಿಂದಲೂ ಹಾಲಿನಿಂದಲೂ ದೇಹಕ್ಕೆ ಆಹಾರ ದೊರೆಯುತ್ತದೆ, ಅದು ಬೇಡವೆಂದು ಯಾರೂ ಹೇಳರು. ಆದರೆ ನುಂಗಿದ್ದು ಹೊಟ್ಟೆಗೆ ಇಳಿಯುತ್ತದೆ, ಉಸಿರಾಡಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ದಾರಿಯಲ್ಲಿ ಹೋದ ಬೆಲ್ಲ ಇನ್ನೊಂದು ದಾರಿಯಲ್ಲಿ ಕೂತ ಐಸೋಸಯನೇಟನ್ನಾಗಲಿ ಸೀಸವನ್ನಾಗಲಿ ತೊಳೆಯಲಾರದು. ಮುಖಕವಚದ ಬದಲಿಗೆ ಬೆಲ್ಲವನ್ನು ಕೊಡುವ ಮಾಲೀಕನು ತಿಳಿದೋ ತಿಳಿಯದೆಯೋ ಅಗ್ಗದ ಸಮಾಧಾನವನ್ನು ಕೊಡುತ್ತಿದ್ದಾನೆ. ಇಂಥ ನಂಬಿಕೆಯನ್ನು ಹಿರಿಯರ ಮನನೋಯಿಸದೆ ಪ್ರಶ್ನಿಸುವ ಬಲ ಶಾಲೆಯಲ್ಲಿ ಕಲಿತವನಿಗಿರಬೇಕು.

ವಿದ್ಯುತ್ ವಾಹನಗಳ ಹೊಸ ಪಾಠ

ಬೀದಿಯಲ್ಲಿ ವಿದ್ಯುತ್ ವಾಹನಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಅಪಾಯದ ಸ್ವರೂಪವೂ ಬದಲಾಗಿದೆ. ಹಳೆಯ ಗಾಡಿಯ 12 ವೋಲ್ಟಿನ ಬ್ಯಾಟರಿಯಿಂದ ಕಿಡಿ, ಆಮ್ಲ ಇವುಗಳ ಭಯವಿತ್ತು. ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 300ರಿಂದ 400 ವೋಲ್ಟುಗಳು, ಕೆಲವದರಲ್ಲಿ ಇನ್ನೂ ಹೆಚ್ಚು. ಇದು ಪ್ರಾಣಾಂತಕ. ಕಿತ್ತಳೆ ಬಣ್ಣದ ತಂತಿ ಕಂಡಲ್ಲಿ ಕೈ ಹಿಂತೆಗೆಯಬೇಕು. ವಿದ್ಯುತ್ತನ್ನು ಕಡಿಯುವ ಕೀಲಿಯನ್ನು ತೆಗೆದು, ಒಳಗೆ ಉಳಿದ ಶಕ್ತಿ ಇಳಿಯುವವರೆಗೆ ತಯಾರಕರು ಹೇಳಿದಷ್ಟು ನಿಮಿಷ ಕಾದು, ಮೀಟರಿನಿಂದ ಪರೀಕ್ಷಿಸಿ, ತಕ್ಕ ರಬ್ಬರ್ ಕೈಗವಸು ಧರಿಸಿದ ಮೇಲೆಯೇ ಕೆಲಸ. ಇಂಥ ವಿಷಯದಲ್ಲಿ ‘ಮಾಡುತ್ತಾ ಮಾಡುತ್ತಾ ಕಲಿಯುತ್ತಾನೆ’ ಎಂಬ ಹಳೆಯ ಮಾತು ನಡೆಯದು, ಏಕೆಂದರೆ ಮೊದಲ ತಪ್ಪೇ ಕೊನೆಯದಾಗಬಹುದು.

ತಾಯಿತಂದೆಯರು ಏನನ್ನು ನೋಡಬೇಕು?

ಮದುವೆಗೆ ಹೆಣ್ಣು ಗಂಡು ನೋಡುವಾಗ ಮನೆತನ ವಿಚಾರಿಸುವ ನಾವು ಮಕ್ಕಳ ತರಬೇತಿ ಸಂಸ್ಥೆಯನ್ನು ಜಾಹೀರಾತಿನ ಚಿತ್ರ ನೋಡಿ ಆರಿಸುವುದು ಸರಿಯಲ್ಲ. ಶುಲ್ಕ ಕಟ್ಟುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಸಂಸ್ಥೆಯ ಕಾರ್ಯಾಗಾರವನ್ನೇ ಕಣ್ಣಾರೆ ನೋಡಬೇಕು.

ಅಲ್ಲಿ ಬಣ್ಣ ಸಿಂಪಡಿಸುವುದು ಪ್ರತ್ಯೇಕ ಕೋಣೆಯಲ್ಲೋ, ಎಲ್ಲರೂ ಓಡಾಡುವ ಅಂಗಳದಲ್ಲೋ? ಶುದ್ಧ ಗಾಳಿಯ ಮುಖಕವಚಗಳು ಬಳಕೆಯಲ್ಲಿವೆಯೋ, ಬೀರುವಿನಲ್ಲಿ ಹೊಸದಾಗಿಯೇ ಇವೆಯೋ? ಬೆಸುಗೆಯ ಸ್ಥಳಕ್ಕೆ ಪರದೆಯುಂಟೋ? ಗಾಡಿಯ ಕೆಳಗೆ ತೂರುವ ಹುಡುಗ ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಮಲಗುತ್ತಾನೋ, ಗಟ್ಟಿಯಾದ ಊರುಗೋಲುಗಳನ್ನು ಇಟ್ಟ ಮೇಲೆ ಹೋಗುತ್ತಾನೋ? ಇಂಜಿನನ್ನು ಒಳಗೆ ಓಡಿಸುವಾಗ ಹೊಗೆಯನ್ನು ಹೊರಗೊಯ್ಯುವ ಕೊಳವೆಯಿದೆಯೋ? ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆಯೇ ಪ್ರಾಣ ತೆಗೆಯಬಲ್ಲುದು. ಎಲ್ಲಕ್ಕಿಂತ ಮಿಗಿಲಾಗಿ, ಬೋಧಕರು ಸ್ವತಃ ಕನ್ನಡಕ, ಕವಚ, ಬೂಟು ಧರಿಸುತ್ತಾರೋ? ಗುರು ಧರಿಸದಿದ್ದುದನ್ನು ಶಿಷ್ಯ ಧರಿಸಲಾರ.

ಸಂಸ್ಥೆಗೆ ನಿಜವಾದ ಮಾನ್ಯತೆಯಿದೆಯೋ, ಪ್ರಮಾಣಪತ್ರವನ್ನು ಕೊಡುವವರು ಯಾರು ಎಂಬುದನ್ನೂ ಬರಹದಲ್ಲಿಯೇ ತಿಳಿದುಕೊಳ್ಳಬೇಕು. ಕೆಲಸಕ್ಕೆ ಸೇರುವಾಗ ಇ.ಎಸ್.ಐ. ಸೌಲಭ್ಯವುಂಟೇ ಎಂದು ವಿಚಾರಿಸಬೇಕು. ವೃತ್ತಿಯಿಂದ ಬರುವ ಉಬ್ಬಸ ಪರಿಹಾರಕ್ಕೆ ಅರ್ಹವಾದ ವೃತ್ತಿರೋಗಗಳ ಪಟ್ಟಿಯಲ್ಲಿದೆ. ಆದರೆ ದಾಖಲೆಯಿಲ್ಲದವನಿಗೆ ಅದನ್ನು ಸಾಬೀತುಪಡಿಸುವುದು ಕಷ್ಟ. ಆದುದರಿಂದ ಕೆಲಸಕ್ಕೆ ಸೇರುವ ಮುನ್ನ ಒಮ್ಮೆ ಉಸಿರಿನ ಸಾಮರ್ಥ್ಯವನ್ನೂ ಶ್ರವಣಶಕ್ತಿಯನ್ನೂ ಅಳೆಯಿಸಿ ಆ ಕಾಗದವನ್ನು ಜೋಪಾನವಾಗಿಡಬೇಕು. ಆಮೇಲೆ ವರ್ಷಕ್ಕೊಮ್ಮೆ ಅಳೆಯಿಸಿ ಹೋಲಿಸಬೇಕು. ಮೊದಲೇ ಉಬ್ಬಸವಿರುವ ಮಗುವಿಗೆ ಬಣ್ಣದ ವಿಭಾಗ ತಕ್ಕುದಲ್ಲ. ಅದೇ ಮಗು ವಾಹನದ ವಿದ್ಯುತ್ ಅಥವಾ ಗಣಕ ವಿಭಾಗದಲ್ಲಿ ನಿಶ್ಚಿಂತೆಯಿಂದ ಮೇಲೆ ಬರಬಹುದು. ಯಾವ ಕಾಯಿಲೆಗೆ ವೈದ್ಯರ ಬಳಿ ಹೋದರೂ ‘ನಾನು ಇಂಥ ಕೆಲಸ ಮಾಡುತ್ತೇನೆ’ ಎಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳುವುದನ್ನು ಮಕ್ಕಳಿಗೆ ಕಲಿಸಬೇಕು.

ಹೆಣ್ಣುಮಕ್ಕಳಿಗೂ ಈ ತರಬೇತಿಗಳ ಬಾಗಿಲು ತೆರೆದಿದೆ. ಇಂದಿನ ಕಾರ್ಯಾಗಾರದಲ್ಲಿ ತೋಳ್ಬಲಕ್ಕಿಂತ ಅಳತೆಯ ನಿಖರತೆಗೂ ತಾಳ್ಮೆಗೂ ಬೆಲೆ ಹೆಚ್ಚು. ಬಣ್ಣವನ್ನು ಹೊಂದಿಸುವ ಕಣ್ಣು, ದೋಷವನ್ನು ಹುಡುಕುವ ಸಹನೆ ಇವು ಗಂಡಸರ ಸ್ವತ್ತೇನೂ ಅಲ್ಲ.

ನಮ್ಮ ಸಂಘಗಳು ಮಾಡಬಹುದಾದುದು

ಕನ್ನಡ ಸಂಘಗಳು ಪ್ರತಿವರ್ಷ ಅಂಕವಂತ ವಿದ್ಯಾರ್ಥಿಗಳನ್ನು ಸನ್ಮಾನಿಸುವುದು ಶ್ಲಾಘ್ಯವಾದ ಪದ್ಧತಿ. ಅದೇ ವೇದಿಕೆಯ ಮೇಲೆ ಐ.ಟಿ.ಐ.ಯಲ್ಲಿ ತೇರ್ಗಡೆಯಾದ ಒಬ್ಬ ಹುಡುಗನಿಗೋ ಹುಡುಗಿಗೋ ಶಾಲು ಹೊದಿಸಿದರೆ, ಸಭೆಯಲ್ಲಿ ಕುಳಿತ ಹತ್ತು ತಾಯಂದಿರ ಸಂಕೋಚ ಕರಗೀತು. ಸದಸ್ಯರಲ್ಲಿ ವಾಹನ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಪುಣೆ, ಚೆನ್ನೈ, ಮುಂಬಯಿಗಳಲ್ಲಿ ಇದ್ದಾರೆ. ಅವರು ಜೂನ್ ತಿಂಗಳ ಒಂದು ಭಾನುವಾರ ಕುಳಿತು ಮಕ್ಕಳಿಗೆ ದಾರಿ ಹೇಳಬಹುದು, ತಾಯಿತಂದೆಯರ ಜೊತೆ ಹೋಗಿ ಸಂಸ್ಥೆಯನ್ನು ನೋಡಿ ಬರಬಹುದು. ಸಂಘದ ಆರೋಗ್ಯ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ಉಸಿರಿನ ಸಾಮರ್ಥ್ಯವನ್ನು ಅಳೆಯುವ ಉಪಕರಣವೊಂದನ್ನು ಇಟ್ಟು, ಗ್ಯಾರೇಜುಗಳಲ್ಲಿ ದುಡಿಯುವ ನಮ್ಮವರನ್ನೂ ಅವರ ಜೊತೆಗಾರರನ್ನೂ ಕರೆಯಬಹುದು. ಪುಸ್ತಕ ಕೊಳ್ಳಲು ನೆರವು ಕೊಡುವ ದತ್ತಿನಿಧಿಯಿಂದ ಒಬ್ಬ ಬಡ ಕಲಿಕೆಗಾರನಿಗೆ ಒಳ್ಳೆಯ ಸುರಕ್ಷಾ ಬೂಟು, ಕನ್ನಡಕ, ಕಿವಿಯ ಬಿರಟೆಗಳನ್ನು ಕೊಡಿಸಿದರೂ ಅದು ವಿದ್ಯಾದಾನವೇ ಸರಿ.

ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಕೈಯ ಕೆಸರು ತೊಳೆದರೆ ಹೋಗುತ್ತದೆ, ಅದಕ್ಕೆ ನಾವು ಅಂಜಬೇಕಾಗಿಲ್ಲ. ಎದೆಯೊಳಗೆ ಇಳಿದ ಧೂಳು ತೊಳೆದರೆ ಹೋಗದು, ಅದಕ್ಕೆ ಮಾತ್ರ ಅಂಜಲೇಬೇಕು. ಈ ವ್ಯತ್ಯಾಸವನ್ನು ಮೊದಲ ತಿಂಗಳಿನಲ್ಲಿಯೇ ಮನಗಾಣಿಸುವ ಶಾಲೆಗೆ ಮಗನನ್ನೋ ಮಗಳನ್ನೋ ಸೇರಿಸಿದ ತಾಯಿ, ಮುಂದಿನ ಸಲ ಯಾರಾದರೂ ‘ಮಕ್ಕಳು ಏನು ಓದುತ್ತಿದ್ದಾರೆ’ ಎಂದು ಕೇಳಿದಾಗ ತಲೆಯೆತ್ತಿ ಉತ್ತರ ಹೇಳಬಹುದು.